ಈರುಳ್ಳಿಯ ಅಂದಾಜು

ಕಚೇರಿಯ ಗೇಟಿನ ಹತ್ತಿರ ಅಣ್ಣ ನಿಂತಿದ್ದನ್ನು ನೋಡಿ ಅವಳು ಬೇಗ ಬೇಗ ಹೆಜ್ಜೆ ಹಾಕಿದಳು. ಊರಿನಿಂದ ಮೊದಲ ಬಸ್ಸು ಹಿಡಿದು ಬಂದವನು ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿದ್ದ. ಶರ್ಟಿನ ತೋಳಿಗೆ ಈರುಳ್ಳಿ ಸಿಪ್ಪೆಯ ಚೂರೊಂದು ಅಂಟಿಕೊಂಡಿತ್ತು.

“ಪುಟ್ಟಿ, ವ್ಯಾಪಾರಿ ನಮ್ಮ ಈರುಳ್ಳಿ ಶೆಡ್ ಮುಂದೆ ಲಾರಿಗಳನ್ನ ತಂದು ನಿಲ್ಲಿಸ್ಕೊಂಡಿದಾನೆ. ನಿಮ್ಮತ್ತಿಗೆ ಅಲ್ಲೇ ಕೂತಿದಾಳೆ, ನನ್ನ ಫೋನಿಗೆ ಕಾಯ್ತಾ. ಮಧ್ಯಾಹ್ನದೊಳಗೆ ಹೂಂ ಅನ್ನಬೇಕಂತೆ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತಾನಂತೆ. ಕೊಟ್ಟುಬಿಡ್ಲಾ, ಇಟ್ಕೊಳ್ಳಲಾ? ಅಷ್ಟು ಹೇಳು ಸಾಕು.”

“ಅಣ್ಣಾ, ಇವತ್ತು ಯಾವ ದಿನ ಅಂತ ಗೊತ್ತಿದ್ದೂ ಬಂದಿದೀಯಾ?”

“ಗೊತ್ತಿರೋದಕ್ಕೇ ಬಂದೆ.”

ಅವಳದು ಬೆಳೆ ಅಂದಾಜು ಮಾಡುವ ಕಚೇರಿ. ಈ ವರ್ಷ ಇಡೀ ದೇಶದಲ್ಲಿ ಎಷ್ಟು ಈರುಳ್ಳಿ ಕೈಗೆ ಬರುತ್ತದೆ ಎಂಬ ಲೆಕ್ಕ ಇವತ್ತು ಹೊರಬೀಳುವುದಿತ್ತು. ಹಡಗಿನಲ್ಲಿ ಹೊರಗೆ ಕಳಿಸುವುದೋ, ಹೊರಗಿನಿಂದ ತರಿಸುವುದೋ ಎಂಬುದು ಅದರ ಮೇಲೆಯೇ ನಿಂತಿತ್ತು. ಎಲ್ಲ ಮಾರುಕಟ್ಟೆಗಳೂ ಅದಕ್ಕೇ ಕಿವಿ ನೆಟ್ಟು ಕೂತಿದ್ದವು. ಹಾಗಾಗಿ ಪ್ರಕಟಣೆಯಾಗುವ ತನಕ ಲೆಕ್ಕ ಕೂಡುವವರೆಲ್ಲ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರಬೇಕು. ಫೋನುಗಳು ಬಾಗಿಲ ಕಾವಲಿನವಳ ಕೈಯಲ್ಲಿ. “ಅಕ್ಕಿ ಏರಿದರೆ ಜನ ಗೊಣಗುತ್ತಾರೆ, ಈರುಳ್ಳಿ ಏರಿದರೆ ಸರ್ಕಾರದ ಕಣ್ಣಲ್ಲೇ ನೀರು” ಎಂದು ಅವಳ ಮೇಲಧಿಕಾರಿ ಪ್ರತಿ ವರ್ಷ ಹೇಳಿ ತಾವೇ ನಗುತ್ತಿದ್ದರು. ಒಂದು ಮಾತು ಹೊರಗೆ ಹೋದರೂ ಕೆಲಸ ಹೋಗುತ್ತದೆ, ಜೈಲೂ ಆದೀತು.

“ನಂಗೇ ಇನ್ನೂ ಗೊತ್ತಿಲ್ಲ. ಗೊತ್ತಾದ್ಮೇಲೂ ಹೇಳೋ ಹಾಗಿಲ್ಲ. ನೀನು ಮನೆಗೆ ಹೋಗು, ಇವರಿದಾರೆ. ತಿಂಡಿ ತಿಂದು ಸ್ವಲ್ಪ ಮಲಗು.”

“ಹೋದ ವರ್ಷ ಬೆಲೆ ಏರುತ್ತೆ ಅಂತ ಕಾದು ಕಾದು ಅರ್ಧ ಶೆಡ್ ಕೊಳೆಸಿದೆ. ಸಲಿಕೇಲಿ ಬಾಚಿ ಹಳ್ಳಕ್ಕೆ ಸುರಿದ್ವಿ. ಈ ಸಲ ನಿಮ್ಮತ್ತಿಗೆ ನನ್ನನ್ನೇ ಸುರಿದುಬಿಡ್ತಾಳೆ.” ಅಣ್ಣ ನಗಲು ನೋಡಿದ, ಆಗಲಿಲ್ಲ. “ಸರಿ, ನಾನೇನೂ ಕೇಳಲ್ಲ. ಎದುರುಗಡೆ ಟೀ ಅಂಗಡೀಲಿ ಕೂತಿರ್ತೀನಿ. ಅದಕ್ಕೂ ಕಾನೂನಿದೆಯಾ?”

ಅವಳು ತಿರುಗಿ ನೋಡದೆ ಒಳಗೆ ಹೋದಳು.

ಪರದೆ ಎಳೆದ ಕೋಣೆಯಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿಸುತ್ತಿತ್ತು. ಈ ಸಲ ಈರುಳ್ಳಿ ರಾಶಿ ರಾಶಿ ಬರುತ್ತದೆ ಎಂದೇ ಹೊರಗಿನ ಎಲ್ಲರೂ ನಂಬಿದ್ದರು. ಆದರೆ ಒಂದೊಂದು ಪ್ರಾಂತ್ಯದ ಲೆಕ್ಕ ಬಂದ ಹಾಗೆ ಕೋಣೆಯಲ್ಲಿ ಮಾತು ಕಡಿಮೆಯಾಯಿತು. ನೆಲದೊಳಗೆ ಗೆಡ್ಡೆಗಳಿಗೆ ರೋಗ ಹತ್ತಿತ್ತು; ಮೇಲೆ ಸೊಂಪಾಗಿ ಕಂಡ ಹೊಲಗಳಲ್ಲಿ ಕಿತ್ತಾಗ ಅರ್ಧವೂ ಸಿಕ್ಕಿರಲಿಲ್ಲ. ಮೇಲಧಿಕಾರಿ ಮೊತ್ತವನ್ನು ಬೋರ್ಡಿನ ಮೇಲೆ ಬರೆದು, ತಾವೇ ನಂಬದವರಂತೆ, “ಇನ್ನೊಂದ್ಸಲ ಕೂಡಿ” ಎಂದರು. ಕೂಡಿದರು. ಅದೇ ಬಂತು.

ಸುದ್ದಿ ಹೊರಬಿದ್ದರೆ ಸಂಜೆಯೊಳಗೆ ಬೆಲೆ ಚಿಮ್ಮುತ್ತದೆ. ಅಣ್ಣನ ಭಾಗದಲ್ಲಿ ಮಾತ್ರ ರೋಗವಿರಲಿಲ್ಲ. ಅವನ ಶೆಡ್ಡು ತುಂಬಿತ್ತು. ಕೊಡಬೇಡ ಅಣ್ಣಾ, ಕೊಡಬೇಡ ಎಂದು ಅವಳ ಮನಸ್ಸು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಬಾಗಿಲ ಬಳಿಯಿದ್ದ ಫೋನುಗಳ ಕಡೆಗೇ ನೋಡುತ್ತ ಕೂತಳು.

“ಮೇಡಂ, ಮುಖ ಯಾಕೆ ಹೀಗಾಯ್ತು?” ಕಾವಲಿನವಳು ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ನಿಯಮದ ಪ್ರಕಾರ ಪಕ್ಕದಲ್ಲೇ ನಿಂತು, ಮುಖ ತೊಳೆಸಿದಳು. ಬರುವಾಗ ಕನಿಕರದಿಂದ ಕಾರಿಡಾರಿನ ಕಿಟಕಿ ತೆರೆದಳು. “ಸ್ವಲ್ಪ ಗಾಳಿ ತಗೊಳ್ಳಿ.”

ಕೆಳಗೆ ರಸ್ತೆಯಾಚೆ, ಟೀ ಲೋಟ ಹಿಡಿದು ಅಣ್ಣ ನಿಂತಿದ್ದ. ತಲೆಯೆತ್ತಿ ನೋಡಿದ. ಕಣ್ಣಿಗೆ ಕಣ್ಣು ಸಿಕ್ಕಿತು.

ಅವಳು ಕಲ್ಲಾದಳು. ತಲೆ ಅಲ್ಲಾಡಿಸಿದರೆ ಹೇಳಿದಂತೆ. ಮುಖದ ನೀರು ಒರೆಸಲು ಕೈ ಎತ್ತಿದರೂ ಹೇಳಿದಂತೆ. ಥಟ್ಟನೆ ಹಿಂದೆ ಸರಿದರೆ ಅದಕ್ಕೂ ಅವನು ಒಂದು ಅರ್ಥ ಕಟ್ಟಿಕೊಳ್ಳುತ್ತಾನೆ. ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ರೆಪ್ಪೆ ಕೂಡ ಆಡಿಸದೆ ನಿಂತಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸಾಕು ಮೇಡಂ, ಯಾರಾದ್ರೂ ನೋಡಿದ್ರೆ ನಂಗೆ ಕಷ್ಟ” ಎಂದು ಕಾವಲಿನವಳು ಕಿಟಕಿ ಮುಚ್ಚಿದಳು.

ಪ್ರಕಟಣೆ ಮುಗಿದು ಬಾಗಿಲು ತೆರೆದಾಗ ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಈಗ ಹೇಳಬಹುದು, ಈಗ ಯಾವ ತಪ್ಪೂ ಇಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದು, ವಾಹನಗಳ ನಡುವೆಯೇ ನುಗ್ಗಿ ರಸ್ತೆ ದಾಟಿದಳು. ಅಣ್ಣ ಬೆಂಚಿನ ಮೇಲೆ ಕಾಲು ಚಾಚಿ ಕೂತು ಬನ್ನು ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

“ನೀನು ಒಂದು ಮಾತೂ ಆಡ್ಲಿಲ್ಲ, ಪುಟ್ಟಿ. ಯಾರೂ ನಿನ್ನ ಮೇಲೆ ಬೆರಳು ತೋರಿಸೋ ಹಾಗಿಲ್ಲ” ಎಂದ ದನಿ ತಗ್ಗಿಸಿ. “ಅಪ್ಪ ಹೋದ ದಿನ ಆಸ್ಪತ್ರೆ ಬಾಗಿಲಲ್ಲೂ, ಈಗ ಆ ಕಿಟಕೀಲಿ ನಿಂತ ಹಾಗೇ ನಿಂತಿದ್ದೆ ನೀನು. ನೋಡಿದ ಕೂಡ್ಲೇ ನಂಗೆ ತಿಳೀತು, ಬೆಲೆ ಬಿತ್ತು ಅಂತ. ಎಲ್ಲಾ ತುಂಬಿಸಿಬಿಡು ಅಂತ ನಿಮ್ಮತ್ತಿಗೆಗೆ ಫೋನ್ ಮಾಡ್ದೆ. ಕೊನೇ ಲಾರಿನೂ ಹೊರಟಿತಂತೆ. ಬದುಕಿಸಿದೆ ಕಣೇ.”

ಅಂಗಡಿಯೊಳಗೆ ಗೋಡೆಯ ಟಿವಿಯಲ್ಲಿ ಈರುಳ್ಳಿಯ ಸುದ್ದಿ ಶುರುವಾಗಿತ್ತು. ಅಣ್ಣ ಅದಕ್ಕೆ ಬೆನ್ನು ಹಾಕಿ, ತಂಗಿಯ ಲೋಟಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕುವಂತೆ ಅಂಗಡಿಯವನಿಗೆ ಹೇಳುತ್ತಿದ್ದ.