ದೊಡ್ಡಕ್ಕನ ಬಲಗಿವಿ

ದೊಡ್ಡಕ್ಕ ಮರದ ಕೊಳವೆಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಎಂದಿನಂತೆ ಬಲಗಿವಿ ಆನಿಸಿದಳು. ಮಗುವಿನ ಎದೆಬಡಿತ ಕೇಳಲಿಲ್ಲ.

ಕೊಳವೆಯನ್ನು ಇತ್ತ ಸರಿಸಿದಳು, ಅತ್ತ ಸರಿಸಿದಳು. ಉಸಿರು ಬಿಗಿಹಿಡಿದರೂ ಕೇಳಿಸಿದ್ದು ತನ್ನದೇ ತಲೆಯೊಳಗಿನ ಗುಂಯ್ ಸದ್ದು. ಹೆರಿಗೆ ಆಸ್ಪತ್ರೆಯಲ್ಲೇ ಕೂದಲು ನರೆಸಿಕೊಂಡ ದಾದಿ ಕೊಳವೆ ಒರೆಸಿ ಮತ್ತೊಮ್ಮೆ ಇಟ್ಟಳು.

"ಯಾಕಕ್ಕಾ, ಸುಮ್ನಾಗ್ಬಿಟ್ರಿ?" ಮಲಗಿದ್ದ ಹುಡುಗಿ ಕೇಳಿದಳು. ಚೊಚ್ಚಲು ಬಸುರಿ, ದೊಡ್ಡಕ್ಕನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ.

"ಏನಿಲ್ಲ ಕಣಮ್ಮಾ, ನಿನ್ ಮಗು ನನ್ ಜೊತೆ ಕಣ್ಣಾಮುಚ್ಚಾಲೆ ಆಡ್ತಿದೆ" ಎಂದು ನಗಲು ಹೋದಳು. ಪರದೆ ಸರಿಸಿ ಡಾಕ್ಟರನ್ನು ಕೂಗಿದಳು.

ಡಾಕ್ಟರಮ್ಮ ಬಂದು ಅದೇ ಕೊಳವೆಗೆ ಕಿವಿಗೊಟ್ಟರು. ಮರುಗಳಿಗೆಯಲ್ಲೇ ಅವರ ಮುಖ ಅರಳಿತು. "ಎದೆ ಎಷ್ಟು ಚೆನ್ನಾಗಿ ಹೊಡ್ಕೊತಿದೆ! ಮಗು ಗುಂಡುಕಲ್ಲಿನ ಹಾಗಿದೆ."

ಹುಡುಗಿಗೆ ಹೋದ ಜೀವ ಬಂದಂತಾಯಿತು. ದೊಡ್ಡಕ್ಕನಿಗೂ ಬಂತು, ಆದರೆ ತಲೆಬುಡ ತಿಳಿಯಲಿಲ್ಲ. ಡಾಕ್ಟರಮ್ಮ ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಬಲಗಿವಿಗೆ ಬೆಳಕು ಬಿಟ್ಟು ನೋಡಿದರು.

"ಪಿನ್ನು ಗಿನ್ನು ಹಾಕಿದ್ರಾ?"

"ಬೆಳಿಗ್ಗೆ ಸ್ನಾನ ಆದ್ಮೇಲೆ ಕೆರೀತಿತ್ತು..."

"ಗುಗ್ಗೆ ತೆಗೀತೀನಿ ಅಂತ ಒಳಕ್ಕೇ ತಳ್ಳಿದ್ದೀರ. ನೀರು ಬೇರೆ ಹೋಗಿ ಉಬ್ಕೊಂಡಿದೆ. ಊರಿಗೆಲ್ಲ ಬುದ್ಧಿ ಹೇಳೋರು ನೀವು!"

ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಿಂದ ಬಿಟ್ಟಾಗ ತಲೆ ಗಿರ್ರೆಂದಿತು. ಕಡಲೆಕಾಳಿನಷ್ಟು ಕಪ್ಪು ಮುದ್ದೆಯೊಂದು ಬಟ್ಟಲಿಗೆ ಬಿತ್ತು. ಅದರ ಹಿಂದೆಯೇ ಫ್ಯಾನಿನ ಕಿರುಗುಟ್ಟುವಿಕೆ, ಪರದೆಯ ಸರಸರ, ಹೊರಗೆ ಯಾರದೋ ಚಪ್ಪಲಿಯ ಸದ್ದು ಎಲ್ಲವೂ ಒಟ್ಟಿಗೆ ಒಳನುಗ್ಗಿದವು.

ದೊಡ್ಡಕ್ಕ ನೆಟ್ಟಗೆ ಹೋಗಿ ಮತ್ತೆ ಕೊಳವೆಯಿಟ್ಟಳು. ಟಕಟಕ, ಟಕಟಕ. ಇನ್ನೂ ಬೆಳಕು ಕಾಣದ ಜೀವವೊಂದು ಕತ್ತಲಲ್ಲಿ ಕೂತು ಒಂದೇ ಸಮನೆ ದುಡಿಯುತ್ತಿತ್ತು. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೀ ಕೊಟ್ಟಿರಲಿಲ್ಲ. ಎಷ್ಟೋ ಹೊಟ್ಟೆಗಳ ಮೇಲೆ ಕಿವಿಯಿಟ್ಟವಳ ಮೈ ಜುಮ್ಮೆಂದಿತು. ಕಣ್ಣು ತುಂಬಿ ಬಂದವು. ಕೈಗಡಿಯಾರ ನೋಡುವುದನ್ನೇ ಮರೆತಳು.

"ಇನ್ನೂ ಎಣಿಸಿ ಆಗ್ಲಿಲ್ವಾ ಅಕ್ಕಾ?" ಹುಡುಗಿಗೆ ಮತ್ತೆ ದಿಗಿಲು.

"ಸುಮ್ನಿರು ತಾಯಿ," ದೊಡ್ಡಕ್ಕ ತಲೆಯೆತ್ತಲಿಲ್ಲ. "ಇಷ್ಟು ವರ್ಷ ಬರೀ ಎಣಿಸಿದ್ದೆ. ಇವತ್ತು ಕೇಳ್ತಿದ್ದೀನಿ."