ಹಾಕಿದ ಗೆರೆ

"ಮಂಡಿ," ಎಂದು ದರ್ಜಿ ಪಿಸುಗುಟ್ಟಿದ. ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದವಳು ತಟ್ಟನೆ ಮಂಡಿ ಮಡಿಸಿದಳು.

ಬಾಗಿಲ ಪಕ್ಕದ ಕಂಬಿಯ ಮೇಲೆ ಕೆಂಪು ಗೆರೆ ಎಳೆದಿದ್ದರು. ಅದಕ್ಕಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ಕಂಡಕ್ಟರು ಅವಳನ್ನು ಕಂಬಿಗೆ ಒರಗಿಸಿ ನಿಲ್ಲಿಸಿದ. ಪಾದದವರೆಗೆ ಇಳಿದಿದ್ದ ಫ್ರಾಕಿನೊಳಗೆ ಮಂಡಿ ಎಲ್ಲಿದೆಯೋ ದೇವರೇ ಬಲ್ಲ, ಟೋಪಿಯ ತುದಿ ಮಾತ್ರ ಗೆರೆ ಮುಟ್ಟಲಿಲ್ಲ. ಈ ಸೆಕೆಯಲ್ಲಿ ಮಂಕಿ ಟೋಪಿ ಯಾಕೆ ಎಂದು ಕೇಳಿದ. ನೆಗಡಿ, ಬೆಟ್ಟದ ಮೇಲೆ ಚಳಿ ಬೇರೆ ಎಂದ ದರ್ಜಿ. ತನಗೊಂದೇ ಟಿಕೆಟ್ ತೆಗೆದುಕೊಂಡು, ಅವಳ ರಟ್ಟೆ ಹಿಡಿದು ಹಿಂದಿನ ಸೀಟಿಗೆ ನಡೆಸಿದ.

ಈ ದರ್ಜಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಊರಿನವರೆಲ್ಲ ಬೆಟ್ಟದ ತುದಿಗೆ ಕೇಬಲ್ ಕಾರಿನಲ್ಲಿ ಹೋಗುತ್ತಾರೆ. ಅದರ ದರ ಕೇಳಿದರೇ ಇವನಿಗೆ ತಲೆಸುತ್ತು. ಬೆಟ್ಟದ ಹಿಂಬದಿಯಿಂದ ಸಿಟಿ ಬಸ್ಸೇ ತುದಿಯವರೆಗೆ ಹತ್ತುತ್ತದೆ ಎಂಬುದನ್ನು ಅವನು ಹೇಗೋ ಪತ್ತೆ ಮಾಡಿದ್ದ. ಕಂಬಿಯ ಗೆರೆಯ ಎತ್ತರ ಅಳೆದು ತಂದು, ಅಂಗಡಿಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಅದೇ ಗೆರೆ ಎಳೆದು, ಅವಳನ್ನು ಅಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದ. ಮಾತಿನ ಪಾಠವೂ ಆಗಿತ್ತು.

"ಯಾರು ಏನ್ ಕೇಳಿದ್ರೂ 'ಗೊತ್ತಿಲ್ಲ' ಅನ್ನು. ಅದು ಬಿಟ್ಟು ಬೇರೆ ಮಾತು ಬಂತೋ, ನೋಡು ಮತ್ತೆ."

ಅವನು ಹಾಕಿದ ಗೆರೆಯನ್ನು ಅವಳು ಎಂದೂ ದಾಟಿದವಳಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗುಂಡಿ ಹೊಲಿಯುತ್ತಾ, ಕಿಟಕಿಯಲ್ಲಿ ಕಾಣುವ ಬೆಟ್ಟದ ಚೂರನ್ನೇ ನೋಡುತ್ತಾ ಬಂದವಳು. ಒಮ್ಮೆ ಆ ತುದಿಯಲ್ಲಿ ನಿಂತು ಊರು ನೋಡಬೇಕು, ಅವಳಿಗಿದ್ದ ಆಸೆ ಅದೊಂದೇ. ಕೇಳಿದಾಗಲೆಲ್ಲ ಮುಂದಿನ ವರ್ಷ ಎನ್ನುತ್ತಿದ್ದ. ಈ ಸಲ, ಟಿಕೆಟ್ ಉಳಿಸಿಕೊಟ್ಟರೆ ಮೇಲಿನ ದುರ್ಬೀನಿಗೂ ನಾಣ್ಯ ಹಾಕುತ್ತೇನೆ ಎಂದು ಆಸೆ ಹಚ್ಚಿದ್ದ. ಬುತ್ತಿ, ಕೋಟು, ಅವನ ಪರ್ಸು ಎಲ್ಲ ಅವಳ ಬೆನ್ನಿನ ಚೀಲದಲ್ಲಿದ್ದವು. ಹೊರುವುದು ಯಾವಾಗಲೂ ಅವಳ ಪಾಲಿನ ಕೆಲಸ.

ಎದುರು ಸೀಟಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಿಸ್ಸು ಕೂತಿದ್ದರು. ಯಾವ ಕ್ಲಾಸು ಪುಟ್ಟಿ ಎಂದರು. ಗೊತ್ತಿಲ್ಲ ಎಂದು ಟೋಪಿಯೊಳಗಿಂದ ಕ್ಷೀಣ ದನಿ ಬಂತು. ಮನೆ ಎಲ್ಲಿ ಎಂದರು. ಅದೂ ಗೊತ್ತಿಲ್ಲ. ದರ್ಜಿ ನಡುವೆ ಬಾಯಿ ಹಾಕಿ, ಮೂರನೇ ಕ್ಲಾಸು, ಬಹಳ ನಾಚಿಕೆ ಎಂದ. ಹೆಡ್‌ಮಿಸ್ಸು ನಗಲಿಲ್ಲ. ಅವರ ಕಣ್ಣು ಅವಳ ಬೆರಳುಗಳ ಮೇಲಿತ್ತು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳುಗಳು. ಇದು ಶಾಲೆಗೆ ಹೋಗುವ ಕೈಯಲ್ಲ ಎಂದುಕೊಂಡರು. ಬಿಸ್ಕತ್ತು ಕೊಟ್ಟರೆ ಅವಳು ಮೊದಲು ದರ್ಜಿಯ ಮುಖ ನೋಡಿದಳು.

ಬಸ್ಸು ತುದಿ ಮುಟ್ಟಿತು. ಇಳಿಯುವಾಗ ಅವಳು ಮಂಡಿ ಹಿಡಿದುಕೊಂಡು, "ಅಮ್ಮಾ," ಎಂದು ನರಳಿದಳು. ಪಾಪ, ಹೆತ್ತವಳನ್ನು ನೆನೆಯುತ್ತಿದೆ ಎಂದುಕೊಂಡರು ಹೆಡ್‌ಮಿಸ್ಸು. ಅವರು ನೆಟ್ಟಗೆ ಸೆಕ್ಯೂರಿಟಿಯವನನ್ನು ಹುಡುಕಿಕೊಂಡು ಹೋದರು.

ತುದಿಯ ಸುತ್ತ ಕಲ್ಲಿನ ಗೋಡೆ. ಗೋಡೆಯಾಚೆ ಇಡೀ ಊರು. ಅವಳು ಓಡಿಹೋಗಿ ಕತ್ತು ಚಾಚಿದಳು.

"ಮಂಡಿ," ಎಂದು ದರ್ಜಿ ಗದರಿದ. "ಕಂಡಕ್ಟ್ರು ಇಲ್ಲೇ ಟೀ ಕುಡೀತಿದಾನೆ. ವಾಪಸ್ ಹೋಗೋದು ಬೇಡ್ವಾ?"

ಮಂಡಿ ಮಡಿಸಿದಳು. ಊರು ಮುಳುಗಿ ಕಲ್ಲು ಎದುರಾಯಿತು.

ಅವನು ಚೀಲದಿಂದ ನಾಣ್ಯ ತೆಗೆದು ದುರ್ಬೀನಿಗೆ ಹಾಕಿ, ತಾನೇ ಕಣ್ಣಿಟ್ಟ. ನಮ್ಮ ಅಂಗಡಿ ಕಾಣುತ್ತಿದೆ, ಬೋರ್ಡು ಕೂಡ ಓದಬಹುದು ಎಂದು ವರದಿ ಒಪ್ಪಿಸಿದ. ಅವಳು ಅಂಗಿ ಜಗ್ಗಿದಳು. ತಡಿ ತಡಿ ಎಂದ. ಅಷ್ಟರಲ್ಲಿ ಟಕ್ಕೆಂದು ಒಳಗಿನ ಮುಚ್ಚಳ ಬಿತ್ತು.

"ಮುಗೀತು. ನಿಂಗೆ ಹೇಗೂ ಎಟುಕಲ್ಲ ಬಿಡು," ಎಂದು ನಕ್ಕ.

ಜಗ್ಗುತ್ತಿದ್ದ ಅಂಗಿಯನ್ನು ಅವಳು ಕೈಬಿಟ್ಟಳು.

ಸೆಕ್ಯೂರಿಟಿಯವನು ಬಂದ, ಜೊತೆಗೆ ಹೆಡ್‌ಮಿಸ್ಸು, ಹಿಂದೆ ಟೀ ಲೋಟ ಹಿಡಿದ ಕಂಡಕ್ಟರು, ಅವರ ಹಿಂದೆ ಕೆಲಸವಿಲ್ಲದ ಹತ್ತಾರು ಮಂದಿ.

"ಹೆದರ್ಬೇಡ ಪುಟ್ಟಿ," ಎಂದರು ಹೆಡ್‌ಮಿಸ್ಸು. "ಇವನು ಯಾರು?"

ದರ್ಜಿ ಹಲ್ಲು ಕಿರಿದ. "ಹೇಳು, ಹೇಳು."

ಅವಳು ಅವನನ್ನು ನೋಡಿದಳು. ಮುಂದಿದ್ದ ಕಲ್ಲಿನ ಗೋಡೆಯನ್ನು ನೋಡಿದಳು. ಹೇಳಿಕೊಟ್ಟ ಪಾಠವನ್ನೇ ಒಪ್ಪಿಸಿದಳು.

"ಗೊತ್ತಿಲ್ಲ."

ಮೊದಲ ಏಟು ಕಂಡಕ್ಟರನದು. ಎರಡನೆಯದು ಯಾರದೆಂದು ಹೇಳುವುದು ಕಷ್ಟ. ದರ್ಜಿ ನೆಲಕ್ಕೆ ಬಿದ್ದು, ತಲೆಗೆ ಕೈ ಅಡ್ಡ ಹಿಡಿದು ಕೂಗಿದ:

"ಅಯ್ಯೋ, ಅವಳು ನನ್ನ ಹೆಂಡ್ತಿ ಕಣ್ರೀ!"

ಅದುವರೆಗೆ ಬರೀ ನೋಡುತ್ತಿದ್ದವರೂ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡರು. ಹಲ್ಲು ಮುರಿಯಿತು, ತೋಳು ಮುರಿಯಿತು. ಅವನ ಕೊರಳಿನ ಅಳತೆ ಟೇಪಿನಲ್ಲೇ ಅವನ ಕೈ ಕಟ್ಟಿ ಕಾವಲು ಕೋಣೆಗೆ ಎಳೆದೊಯ್ದರು. ಹೆಂಡತಿ ಎಂದು ಅವನು ಹೇಳಿದಷ್ಟು ಸಲವೂ ಒಂದು ಬಿತ್ತು.

ಹೆಡ್‌ಮಿಸ್ಸು ಅವಳನ್ನು ಹೆಂಗಸರ ಶೌಚಾಲಯಕ್ಕೆ ಕರೆದೊಯ್ದು, ಮುಖ ತೊಳೆದುಕೊಂಡು ಬಾ ಕಂದ ಎಂದು ಒಳಗೆ ಕಳಿಸಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಗಿಲಲ್ಲೇ ಕಾವಲು ನಿಂತರು. ಉದ್ದ ಕೋಟು ತೊಟ್ಟ, ನರೆಗೂದಲ ಹೆಂಗಸೊಬ್ಬಳು ಹೊರಬಂದಾಗ ಸರಿದು ದಾರಿ ಬಿಟ್ಟರು. ಮತ್ತೆ ಬಾಗಿಲಿಗೆ ಬಂದು ನಿಂತರು.

ಆ ಹೆಂಗಸು ಗೋಡೆಯ ಬಳಿ ನೆಟ್ಟಗೆ ನಿಂತು ಊರನ್ನು ಕಣ್ತುಂಬ ನೋಡಿದಳು. ಬಸ್ಸು ಹಾರ್ನ್ ಹೊಡೆಯಿತು. ಹತ್ತಿ, ಕಂಬಿಗೆ ಒರಗಿ ನಿಂತಳು. ನರೆತ ತಲೆ ಕೆಂಪು ಗೆರೆಗಿಂತ ಎರಡು ಬೆರಳು ಮೇಲಿತ್ತು. ಬೆನ್ನಿನ ಚೀಲದ ಬಾಯಲ್ಲಿ ಫ್ರಾಕಿನ ಅಂಚು ಇಣುಕುತ್ತಿತ್ತು. ಕೈ ಊದಿಸಿಕೊಂಡಿದ್ದ ಕಂಡಕ್ಟರು ಎಲ್ಲಿಗಮ್ಮಾ ಎಂದ.

"ಕೆಳಗೆ," ಎಂದಳು, ದರ್ಜಿಯ ಪರ್ಸು ಬಿಚ್ಚುತ್ತಾ. "ಒಂದು ಫುಲ್ ಟಿಕೆಟ್."