ಒಂದು ಸುಳ್ಳು ಪದ

“ಕದ್ದಿದ್ದೀಯ.”

ಶಿಷ್ಯನ ಮನೆಯ ಹೊಸ್ತಿಲು ದಾಟುವ ಮೊದಲೇ ಸಂಪಾದಕರು ಹೇಳಿಬಿಟ್ಟರು. ಅವರ ಕಂಕುಳಲ್ಲಿ ಆ ಶಿಷ್ಯ ಹೊಸದಾಗಿ ಅಚ್ಚು ಹಾಕಿಸಿದ ನಿಘಂಟು ಇತ್ತು.

ನಿಘಂಟು ಕಟ್ಟುವವರಲ್ಲಿ ಒಂದು ಹಳೆಯ ಉಪಾಯವಿದೆ. ಸಾವಿರಾರು ನಿಜ ಪದಗಳ ನಡುವೆ ಒಂದೇ ಒಂದು ಸುಳ್ಳು ಪದವನ್ನು ನೆಡುತ್ತಾರೆ. ಅದು ಬೇರೆಯವರ ಪುಸ್ತಕದಲ್ಲಿ ಕಂಡಿತೋ, ಕಳ್ಳ ಸಿಕ್ಕಿಬಿದ್ದ. ಸಂಪಾದಕರು ತಮ್ಮ ನಿಘಂಟಿನಲ್ಲಿ ನೆಟ್ಟ ಪದ ‘ಗುಬುಳೆ’. ಒಂದು ಬೆಳಗ್ಗೆ ತಾನಾಗಿ ನಾಲಿಗೆಗೆ ಬಂದಿತ್ತು. ಅರ್ಥ: ಎತ್ತಿಕೊಂಡಾಗ ಮಗು ಮುಖ ಹುದುಗಿಸುವ, ತಾಯಿಯ ಕೊರಳಿಗೂ ಭುಜಕ್ಕೂ ನಡುವಿನ ಜಾಗ. ‘ಬಳಕೆ ತಪ್ಪಿದ ಪದ’ ಎಂದು ಸೇರಿಸಿ, ಮೂರು ನೆರೆಭಾಷೆಗಳಲ್ಲಿ ಗುಬುಲ್, ಕುಬುಲಿ, ಗೊಬ್ಬಲ ಎಂದು ಬರೆಯುತ್ತಾರೆಂದು ಬಣ್ಣವನ್ನೂ ಹಚ್ಚಿದ್ದರು.

ಈಗ ಅದೇ ಪದ, ಅದೇ ಅರ್ಥ, ಶಿಷ್ಯನ ಪುಸ್ತಕದಲ್ಲಿ. ನೆರೆಭಾಷೆಯ ರೂಪಗಳು ಮಾತ್ರ ಇಲ್ಲ. ಜಾಣ ಕಳ್ಳ, ಎಂದುಕೊಂಡರು. ಅನಾಥಾಲಯದಿಂದ ಹೊರಬಿದ್ದಂದಿನಿಂದ ಕೂಡಿಹಾಕಿದ ಪದಗಳೇ ಅವರ ಬಂಧುಬಳಗ. ಕೈಯಾರೆ ಬೆಳೆಸಿದವನೇ ಅದನ್ನು ದೋಚಿದನಲ್ಲ! ಒಪ್ಪಿಕೊಳ್ಳದಿದ್ದರೆ ನಾಳೆಯೇ ಕೋರ್ಟು.

“ಕದ್ದಿಲ್ಲ ಗುರುಗಳೇ, ಕಿವಿಯಾರೆ ಕೇಳಿದ್ದು. ಕೆಳಗಿನ ಮನೆ ಅಜ್ಜಿ ನನ್ನ ಮಗೂನ ಎತ್ಕೊಂಡಾಗೆಲ್ಲ ಹೇಳ್ತಾರೆ.”

“ಯಾರ ಕಿವಿ ಮೇಲೆ ಹೂ ಇಡ್ತೀಯ? ಆ ಪದ ಕಟ್ಟಿದ್ದು ನಾನು. ನಾನೊಬ್ಬನೇ.”

“ಬನ್ನಿ, ಅವರನ್ನೇ ಕೇಳಿ.”

ಹೇಳಿಕೊಟ್ಟ ಸಾಕ್ಷಿ ಎಂದು ಗೊಣಗುತ್ತಲೇ ಸಂಪಾದಕರು ಮೆಟ್ಟಿಲಿಳಿದರು. ಕಿಟಕಿಯ ಬಳಿ ಎಂಬತ್ತು ದಾಟಿದ ಅಜ್ಜಿ ನಿಂತಿದ್ದರು. ಶಿಷ್ಯನ ಕೂಸು ಅವರ ಹೆಗಲ ಮೇಲೆ ನಿದ್ದೆಹೋಗಿತ್ತು.

“ಗುಬುಳೆ ಅನ್ನೋದು ಯಾವ ಭಾಷೆ ಮಾತಮ್ಮ? ಯಾರು ಹೇಳಿಕೊಟ್ರು?” ವಕೀಲರ ಗತ್ತಿನಲ್ಲಿ ಕೇಳಿದರು.

ಅಜ್ಜಿ ನಕ್ಕರು. “ಯಾವ ಭಾಷೇದೂ ಅಲ್ಲಪ್ಪ. ನನ್ನ ಮಗ ತಾನೇ ಕಟ್ಕೊಂಡ ಮಾತು. ಎತ್ಕೊಂಡ್ರೆ ಸಾಕು, ಇಲ್ಲಿ ಮುಖ ಇಟ್ಟು ಗುಬುಳೆ, ಗುಬುಳೆ ಅನ್ನೋನು.”

“ಬೇರೆ ಯಾರ ಬಾಯಲ್ಲಿ ಕೇಳಿದ್ದೀರಿ?”

“ಯಾರೂ ಇಲ್ಲ. ನಾನೂ ಅವನೂ, ಇಬ್ಬರೇ. ಮೂರು ವರ್ಷ ತುಂಬೋ ಮುಂಚೆ ಸ್ಟೇಷನ್ ಜಂಗುಳೀಲಿ ಕೈ ತಪ್ಪಿ ಹೋದ. ಆಮೇಲೆ ನಾನೊಬ್ಬಳೇ.”

ಸಂಪಾದಕರು ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದರು. ಕೊನೆಗೆ ಅಜ್ಜಿಯ ಕಾಲಬುಡದಲ್ಲಿ, ನೆಲದ ಮೇಲೆಯೇ ಕುಳಿತರು.

ಪದ ಕಟ್ಟಿದ್ದು ಅವರೇ, ಅದರಲ್ಲಿ ಸುಳ್ಳಿರಲಿಲ್ಲ. ಕಟ್ಟಿದಾಗ ಅವರಿಗೆ ಎರಡೇ ವರ್ಷ.